ಸೊಪ್ಪು ಹಾಕಿದ್ಮೇಲೆ ಹಿಕ್ಕೆ ನೋಡಿ

ಪ್ರಶ್ನೆ: ನಮ್ಮನೆ ಮೊಲಕ್ಕೆ ಈಗ 4 ತಿಂಗಳು, ಇಲ್ಲಿತನಕ ಒಣಹುಲ್ಲು, ಪೆಲೆಟ್ (ಅಂಗಡೀಲಿ ಸಿಗೋ ಗುಳಿಗೆ ಥರದ ಮೊಲದ ಆಹಾರ) ಬಿಟ್ರೆ ಬೇರೇನೂ ಕೊಟ್ಟಿರ್ಲಿಲ್ಲ. ಮೊನ್ನೆ ಆಸೆಗೆ ಕೊತ್ತಂಬರಿ, ಪುದೀನ, ಪಾಲಕ್ ಎಲ್ಲಾ ಸೇರಿಸಿ ಒಂದು ಹಿಡಿ ಹಾಕ್ದೆ, ಗಬಗಬ ಅಂತ ಖಾಲಿ ಮಾಡ್ತು. ಮಾರನೇ ದಿನ ಹಿಕ್ಕೆ ಮೆತ್ತಗೆ, ಅಂಟಂಟು. ಇದಕ್ಕೆ ಸೊಪ್ಪೇ ಆಗ್ಬರಲ್ವಾ?

ಉತ್ತರ: ಆಗ್ಬರುತ್ತೆ, ನೀವು ಅವಸರ ಮಾಡಿದ್ರಿ ಅಷ್ಟೇ. ಮೊಲ ತಿಂದಿದ್ದನ್ನ ಅರಗಿಸೋದ್ರಲ್ಲಿ ದೊಡ್ಡ ಪಾಲು ಅದರ ಕರುಳಲ್ಲಿರೋ ಬ್ಯಾಕ್ಟೀರಿಯಾಗಳದ್ದು, ಅವು ಹುಲ್ಲಿಗೆ ಒಗ್ಗಿಕೊಂಡಿರ್ತವೆ, ಒಂದೇ ಸಲ ಮೂರು ಹೊಸ ಸೊಪ್ಪು ಬಂದು ಬಿದ್ರೆ ಏರುಪೇರಾಗುತ್ತೆ, ಮೇಲಾಗಿ ಮೂರರಲ್ಲಿ ಯಾವುದು ಆಗ್ಬರ್ಲಿಲ್ಲ ಅಂತ ನಿಮಗೂ ಗೊತ್ತಾಗಲ್ಲ. ಈಗ ಸೊಪ್ಪು ನಿಲ್ಸಿ, ಹುಲ್ಲು ನೀರು ಧಾರಾಳವಾಗಿಡಿ. ಹಿಕ್ಕೆ ಮತ್ತೆ ಗುಂಡಗೆ, ಒಣಗಿ, ಮುರಿದ್ರೆ ಒಳಗೆ ನಾರು ಕಾಣೋ ಹಾಗೆ ಬಂದ್ಮೇಲೆ ಕೊತ್ತಂಬರಿ ಒಂದನ್ನೇ, ಎರಡು ಕಡ್ಡಿ ಕೊಡಿ. 24ರಿಂದ 48 ಗಂಟೆ ಕಾಯಿರಿ. ಸರಿ ಇದ್ರೆ ಸ್ವಲ್ಪ ಜಾಸ್ತಿ ಮಾಡಿ, ಆಮೇಲೆ ಪುದೀನ. ಪಾಲಕ್‌ನಲ್ಲಿ ಆಕ್ಸಲೇಟ್ (ಅತಿಯಾದ್ರೆ ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದಾದ ವಸ್ತು) ಜಾಸ್ತಿ, ಯಾವಾಗ್ಲೋ ಒಂದೆಲೆ ಸಾಕು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಗಿಡದ ಎಲೆ, ಟೊಮೇಟೊ ಎಲೆ, ಬೆಣ್ಣೆಹಣ್ಣು ಹತ್ರಾನೂ ಸುಳಿಯಬಾರ್ದು.

ಇನ್ನೊಂದು ವಿಷ್ಯ, ದ್ರಾಕ್ಷಿ ಗೊಂಚಲಿನ ಥರ ಮಿರಮಿರ ಮಿಂಚೋ ಮೆತ್ತನೆ ಹಿಕ್ಕೆ ಕಂಡ್ರೆ ಅದು ಭೇದಿ ಅಲ್ಲ, ಮೊಲ ಅದನ್ನ ಬಾಯಿ ಹಾಕಿ ತಾನೇ ತಿನ್ನುತ್ತೆ (ನೋಡೋಕೆ ಅಸಹ್ಯ ಅನ್ಸಬಹುದು, ಆದ್ರೆ ಅದಕ್ಕೆ ಬೇಕಾದ ಕೆಲವು ವಿಟಮಿನ್ ಅದರಲ್ಲಿ ಇರುತ್ತೆ). ತಿನ್ನದೆ ಅಲ್ಲಲ್ಲಿ ಬಿಟ್ಟು ಹೋಗ್ತಿದ್ರೆ ಪೆಲೆಟ್ ಜಾಸ್ತಿ ಆಗಿರಬಹುದು, ಕಮ್ಮಿ ಮಾಡಿ. ಆದ್ರೆ ನೀರು ನೀರಾದ ಭೇದಿ ಆದ್ರೆ, ಅಥವಾ 10–12 ಗಂಟೆ ಏನೂ ತಿನ್ನದೆ, ಹಿಕ್ಕೆನೂ ಹಾಕದೆ, ಬೆನ್ನು ಗೂನು ಮಾಡ್ಕೊಂಡು ಮೂಲೇಲಿ ಕೂತಿದ್ರೆ ಮನೆಮದ್ದು ಮಾಡ್ತಾ ಕೂರ್ಬೇಡಿ, ಮೊಲ ನೋಡೋ ವೆಟ್ ಹತ್ರ ಓಡಿ.

ಪ್ರಶ್ನೆ: ತೊಳೆದ ಸೊಪ್ಪನ್ನ ಒರೆಸಿ ಕೊಡ್ಬೇಕಾ?

ಉತ್ತರ: ಬೇಡ, ಒದ್ದೆ ಇದ್ರೇ ಒಳ್ಳೇದು, ಆ ನೆಪದಲ್ಲಿ ಇನ್ನೊಂದಿಷ್ಟು ನೀರು ಹೊಟ್ಟೆಗೆ ಹೋಗುತ್ತೆ. ಬಾಡಿ ಲೋಳೆ ಆಗಿರೋ ಎಲೆ ಮಾತ್ರ ಕಿತ್ತು ಬಿಸಾಕಿ, ತಿನ್ನದೆ ಬಿಟ್ಟಿದ್ದನ್ನ ಗೂಡಲ್ಲೇ ಬಿಡ್ಬೇಡಿ.