ಗೋಡೆಯ ಮೇಲಿರುವ ಕಪ್ಪನ್ನು ನೋಡಿ ಬರೆಯಿರಿ

ನಮಸ್ಕಾರ.

ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ನಡೆದ ಕೆರ್ರಿ ಜೇಮ್ಸ್ ಮಾರ್ಷಲ್ ಅವರ ‘ದಿ ಹಿಸ್ಟರೀಸ್’ ಪ್ರದರ್ಶನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಕಾಗುಣಿತದ ತಪ್ಪು ಕಡಿಮೆ. ಅಮೆರಿಕದ ಕಪ್ಪು ಜನರ ದಿನನಿತ್ಯದ ಬದುಕನ್ನು ನಲವತ್ತೈದು ವರ್ಷಗಳಿಂದ ಬಿಡದೆ ಚಿತ್ರಿಸುತ್ತ ಬಂದ ಈ ಕಲಾವಿದರ ಬಗ್ಗೆ ಕನ್ನಡದಲ್ಲಿ ಬರೆಯಬೇಕೆಂದು ನಿಮಗೆ ಅನ್ನಿಸಿದ್ದು ಸಂತೋಷ. ಪ್ರಕಟಿಸುವ ಮನಸ್ಸಿದೆ. ಆದರೆ ಈಗಿರುವ ರೂಪದಲ್ಲಿ ಆಗುವುದಿಲ್ಲ. ಎರಡು ಜಾಗಗಳು ನನ್ನನ್ನು ಕೆರಳಿಸಿದವು. ಉಳಿದದ್ದನ್ನೆಲ್ಲ ಪಕ್ಕಕ್ಕಿಟ್ಟು ಅವೆರಡರ ಬಗ್ಗೆಯೇ ಬರೆಯುತ್ತೇನೆ.

ಮೊದಲನೆಯದು ‘ಸ್ಕೂಲ್ ಆಫ್ ಬ್ಯೂಟಿ, ಸ್ಕೂಲ್ ಆಫ್ ಕಲ್ಚರ್’ ಚಿತ್ರದ ಪ್ಯಾರಾ. ಕಪ್ಪು ಹೆಂಗಸರು ತಲೆ ಬಾಚಿಸಿಕೊಳ್ಳುತ್ತ, ಮಾತಾಡುತ್ತ, ಕ್ಯಾಮೆರಾಕ್ಕೆ ಪೋಸು ಕೊಡುತ್ತ ಇರುವ ಒಂದು ಬ್ಯೂಟಿ ಪಾರ್ಲರಿನ ಚಿತ್ರ ಅದು. 2012ರದ್ದು. ಎತ್ತರ 274 ಸೆಂ.ಮೀ., ಅಗಲ 401 ಸೆಂ.ಮೀ., ಅಕ್ರಿಲಿಕ್ ಬಣ್ಣದ ಜೊತೆ ಗ್ಲಿಟರ್. ಅಲಬಾಮಾದ ಬರ್ಮಿಂಗ್‌ಹ್ಯಾಮ್ ಕಲಾ ಮ್ಯೂಸಿಯಂನ ಸಂಗ್ರಹಕ್ಕೆ ಸೇರಿದ್ದು. 1955ರಲ್ಲಿ ಮಾರ್ಷಲ್ ಹುಟ್ಟಿದ್ದೂ ಅದೇ ಊರಿನಲ್ಲಿ. ಇದರ ಬಗ್ಗೆ ನೀವು ಬರೆದದ್ದು ಮೂರೇ ವಾಕ್ಯ:

“ಕಡುಕಪ್ಪಗಿದ್ದರೂ ಆ ಹೆಂಗಸರ ಮುಖದಲ್ಲಿ ಒಂದು ಲಕ್ಷಣವಿದೆ. ಕಲಾವಿದ ಅವರೆಲ್ಲರ ಮೈಗೂ ಒಂದೇ ಕಪ್ಪನ್ನು ಸಪಾಟಾಗಿ ಬಳಿದಿದ್ದಾನೆ. ಕತ್ತಲೆಯೊಳಗಿಂದ ಬೆಳಕು ಹುಡುಕುವ ಜೀವಗಳಂತೆ ಅವರು ಕಾಣುತ್ತಾರೆ.”

ಮೊದಲ ವಾಕ್ಯ ನಮ್ಮ ಕಡೆ ಹೆಣ್ಣು ನೋಡಿ ಬಂದವರು ಜಗುಲಿಯಲ್ಲಿ ಕೂತು ಆಡುವ ಮಾತು. ವಧು ಬೇಕಾಗಿದ್ದಾಳೆ ಜಾಹೀರಾತಿನ ಮನಸ್ಸು ಅದು. ಅದೇ ಮನಸ್ಸನ್ನು ಎದುರಿಗಿಟ್ಟುಕೊಂಡು ಮಾರ್ಷಲ್ ಈ ಚಿತ್ರ ಬರೆದಿದ್ದಾರೆ, ಅದಕ್ಕೆ ಉತ್ತರವನ್ನೂ ಚಿತ್ರದೊಳಗೇ ಇಟ್ಟಿದ್ದಾರೆ. ಪಾರ್ಲರಿನ ನೆಲದ ಮೇಲ್ಗಡೆ ಹೊಂಬಣ್ಣದ ಕೂದಲಿನ ಒಂದು ತಲೆ ವಿಕಾರವಾಗಿ ಹಿಗ್ಗಿಸಿದ ಹಾಗೆ ತೇಲುತ್ತಿದೆ. ಅದು ಡಿಸ್ನಿಯ ‘ಸ್ಲೀಪಿಂಗ್ ಬ್ಯೂಟಿ’ ರಾಜಕುಮಾರಿಯದು. ನೇರ ನಿಂತವರಿಗೆ ಅದೇನೆಂದು ಚಕ್ಕನೆ ತಿಳಿಯುವುದಿಲ್ಲ. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಮುಖ ಕೂಡಿಕೊಳ್ಳುತ್ತದೆ. ಪಾರ್ಲರಿನ ಹೆಂಗಸರು ಅದರ ಕಡೆ ತಿರುಗಿಯೂ ನೋಡುತ್ತಿಲ್ಲ. ಕುತೂಹಲ ಇರುವುದು ಪುಟ್ಟ ಮಗುವಿಗೆ ಮಾತ್ರ, ಅದು ಬಗ್ಗಿ ಇಣುಕುತ್ತಿದೆ. ಬಿಳಿ ಚೆಲುವಿನ ಮಾದರಿ ಆ ಕೋಣೆಯೊಳಗೆ ಹೇಗೆ ನುಸುಳುತ್ತದೆ, ಯಾರ ಕಣ್ಣಿಗೆ ಮೊದಲು ಬೀಳುತ್ತದೆ ಎಂಬುದೆಲ್ಲ ಅಲ್ಲಿದೆ. ನಿಮ್ಮ ಲೇಖನದಲ್ಲಿ ಆ ತಲೆಯ ಪ್ರಸ್ತಾಪವೇ ಇಲ್ಲ! ನಾಲ್ಕು ಮೀಟರ್ ಅಗಲದ ಚಿತ್ರದ ಮುಂಭಾಗದಲ್ಲಿರುವುದನ್ನು ಬಿಟ್ಟು “ಲಕ್ಷಣವಿದೆ” ಎಂದು ಸರ್ಟಿಫಿಕೇಟು ಕೊಟ್ಟು ಮುಂದೆ ಹೋಗಿದ್ದೀರಿ.

ಹೀಗೆ ಹಿಗ್ಗಿಸಿ ಬರೆಯುವ ತಂತ್ರ ಜರ್ಮನ್ ಚಿತ್ರಕಾರ ಹೋಲ್ಬೈನ್ 1533ರಲ್ಲಿ ಬರೆದ ‘ದಿ ಅಂಬಾಸಡರ್ಸ್’ ಚಿತ್ರದ್ದು. ಅದರಲ್ಲಿ ಇಬ್ಬರು ಶ್ರೀಮಂತರ ಕಾಲ ಬುಡದಲ್ಲಿ ತಲೆಬುರುಡೆಯೊಂದು ಇದೇ ರೀತಿ ಓರೆಯಾಗಿ ಚಾಚಿಕೊಂಡಿದೆ. ನೀವು ಲಂಡನ್ನಿನಲ್ಲೇ ಇದ್ದೀರಿ. ಆ ಚಿತ್ರ ನ್ಯಾಷನಲ್ ಗ್ಯಾಲರಿಯ ಸಂಗ್ರಹದಲ್ಲಿದೆ, ರಾಯಲ್ ಅಕಾಡೆಮಿ ಇರುವ ಪಿಕಡಿಲಿಯಿಂದ ನಡೆದೇ ಹೋಗಬಹುದು. ಚಿತ್ರದ ಬಲ ಅಂಚಿಗೆ ಹೋಗಿ, ಗೋಡೆಗೆ ಹತ್ತಿರ ನಿಂತು ಚಿತ್ರದ ಉದ್ದಕ್ಕೂ ದೃಷ್ಟಿ ಹಾಯಿಸಿ. ಬುರುಡೆ ನೆಟ್ಟಗಾಗುತ್ತದೆ. ಹೋಲ್ಬೈನ್ ಸಾವನ್ನಿಟ್ಟ ಜಾಗದಲ್ಲಿ ಮಾರ್ಷಲ್ ಹೊಂಗೂದಲ ರಾಜಕುಮಾರಿಯನ್ನು ಇಟ್ಟಿದ್ದಾರೆ ಎಂಬುದು ಆಗ ನಿಮಗೇ ಹೊಳೆಯುತ್ತದೆ. ನಿಮ್ಮ ಲೇಖನದ ಬೆನ್ನೆಲುಬು ಆಗಬೇಕಾದದ್ದು ಇದು.

ಎರಡನೆಯ ವಾಕ್ಯ, “ಒಂದೇ ಕಪ್ಪನ್ನು ಸಪಾಟಾಗಿ.” ಇದನ್ನು ನೀವು ಫೋನಿನಲ್ಲಿ ತೆಗೆದ ಫೋಟೋ ನೋಡಿ ಬರೆದಿದ್ದೀರಿ ಎಂದು ನನ್ನ ಊಹೆ. ಚಿತ್ರದಲ್ಲಿ ಹೊಳೆಯುವ ಭಾಗ ಹೆಚ್ಚಿದ್ದರೆ ಫೋನು ಅದಕ್ಕೆ ತಕ್ಕಂತೆ ಬೆಳಕು ತಗ್ಗಿಸುತ್ತದೆ. ಆಗ ಮೈಬಣ್ಣದ ಒಳವ್ಯತ್ಯಾಸಗಳೆಲ್ಲ ಒಂದೇ ಮಸಿಯಾಗಿ ಕೂಡಿಹೋಗುತ್ತವೆ. ಹತ್ತಿರ ಹೋಗಿ ಮುಖವೊಂದನ್ನೇ ತೆಗೆದರೆ ಕಪ್ಪೇ ತುಂಬಿಕೊಂಡು, ಫೋನು ಅದನ್ನು ಎತ್ತಿ ಬೂದುಗಂದು ಮಾಡುತ್ತದೆ. ಎರಡೂ ಸುಳ್ಳು. ಫೋಟೋ ತೆಗೆಯಲೇಬೇಕಿದ್ದರೆ ಪರದೆಯ ಮೇಲೆ ಕಪ್ಪು ಕೆನ್ನೆಯ ಜಾಗವನ್ನು ಒತ್ತಿ ಹಿಡಿದು, ಬೆಳಕಿನ ಗೆರೆಯನ್ನು ಕೆಳಗೆ ಮೇಲೆ ಸರಿಸಿ ಮೂರು ಬೇರೆ ಬೇರೆ ಚಿತ್ರ ತೆಗೆದುಕೊಳ್ಳಿ. ಬರೆಯುವುದು ಮಾತ್ರ ಅಲ್ಲೇ ನಿಂತು, ಕಣ್ಣಿನಿಂದ. ಕಪ್ಪಿಗೆ ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಗದ್ದದ ಕೆಳಗೆ ಕತ್ತು ಶುರುವಾಗುವಲ್ಲಿ, ಒಂದು ತೋಳಿನ ಹಿಂದೆ ಇನ್ನೊಂದು ತೋಳು ಬರುವಲ್ಲಿ ನೋಡಿ. ಸಪಾಟಾಗಿದ್ದರೆ ಅಲ್ಲಿ ಗೆರೆ ಕಾಣಿಸಲೇಬಾರದು. ಕಾಣಿಸುತ್ತದೆ. ಏಕೆ?

ಏಕೆಂದರೆ ಮಾರ್ಷಲ್ ಬಳಸುವುದು ಮೂರು ಬಗೆಯ ಕಪ್ಪು. ಐವರಿ ಬ್ಲ್ಯಾಕ್ ಈಗ ಸುಟ್ಟ ಮೂಳೆಯಿಂದ ಬರುವಂಥದ್ದು, ಒಳಗೊಂದು ಕಂದಿನ ಬಿಸುಪು ಇರುತ್ತದೆ, ಪದರ ಸ್ವಲ್ಪ ಪಾರದರ್ಶಕ. ಕಾರ್ಬನ್ ಬ್ಲ್ಯಾಕ್ ಮಸಿಯಿಂದಾದದ್ದು, ತಂಪು, ನೀಲಿಯ ಕಡೆ ವಾಲುತ್ತದೆ, ಸ್ವಲ್ಪ ಬೆರೆಸಿದರೂ ಉಳಿದ ಬಣ್ಣವನ್ನು ನುಂಗಿಬಿಡುತ್ತದೆ. ಮಾರ್ಸ್ ಬ್ಲ್ಯಾಕ್ ಕಬ್ಬಿಣದ ಆಕ್ಸೈಡು, ದಟ್ಟ, ಕೆಳಗಿನ ಪದರವನ್ನು ಪೂರ್ತಿ ಮುಚ್ಚುತ್ತದೆ. ಇವಕ್ಕೆ ಕೋಬಾಲ್ಟ್ ನೀಲಿ, ಕ್ರೋಮಿಯಂ ಆಕ್ಸೈಡ್ ಹಸಿರು, ಡಯಾಕ್ಸಜೀನ್ ನೇರಳೆ ಬೆರೆಸಿ ಅವರು ಕಪ್ಪಿನ ಒಂದು ಶ್ರೇಣಿಯನ್ನೇ ಮಾಡಿಕೊಂಡಿದ್ದಾರೆ. ಮೈಯ ಉಬ್ಬುತಗ್ಗನ್ನು ತೋರಿಸಲು ಬಿಳಿ ಬೆರೆಸಿ ತಿಳಿಗೊಳಿಸುವ ಸುಲಭದ ದಾರಿಗಿಂತ ಒಂದು ಕಪ್ಪಿನ ಪಕ್ಕ ಇನ್ನೊಂದು ಕಪ್ಪಿಡುವ ದಾರಿಯನ್ನೇ ನೆಚ್ಚಿಕೊಂಡಿದ್ದಾರೆ. ಇದಕ್ಕೆ ಬೇಕಾದ ಕೈಹಿಡಿತ ಸಣ್ಣದಲ್ಲ. ಅಕ್ರಿಲಿಕ್ ಹಸಿಯಿದ್ದಾಗ ಅದರ ಅಂಟು ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದ ಮೇಲೆ ತಿಳಿಯಾಗುತ್ತದೆ; ಹಾಗಾಗಿ ಬಣ್ಣ ಬೆರೆಸುವ ಹಲಗೆಯ ಮೇಲೆ ಕಂಡದ್ದಕ್ಕಿಂತ ಗೋಡೆಯ ಮೇಲಿನ ಬಣ್ಣ ಗಾಢವಾಗುತ್ತದೆ. ಕೆಂಪು, ಹಳದಿಯಲ್ಲಿ ಈ ವ್ಯತ್ಯಾಸವನ್ನು ಹೇಗೋ ನಿಭಾಯಿಸಬಹುದು. ಒಂದಕ್ಕೊಂದು ಅಂಟಿಕೊಂಡಂತಿರುವ ಕಪ್ಪುಗಳಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಕತ್ತು ಗದ್ದದೊಳಗೆ ಕರಗಿಹೋಗುತ್ತದೆ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಮಾಡಿ ನೋಡಿ. ದೀಪದ ಮಸಿ, ಇದ್ದಿಲ ಪುಡಿ, ಕರಿಎಳ್ಳು ಮೂರನ್ನೂ ಬಿಳಿ ತಟ್ಟೆಯಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಒಂದರಂತೆ ಇನ್ನೊಂದಿಲ್ಲ ಎಂಬುದು ತಿಳಿಯುತ್ತದೆ. ಇನ್ನೂ ಚೆನ್ನಾಗಿ ತಿಳಿಯಬೇಕಾದರೆ ಮೇಲೆ ಹೇಳಿದ ಮೂರು ಕಪ್ಪಿನ ಸಣ್ಣ ಟ್ಯೂಬುಗಳನ್ನು ತಂದು, ದಪ್ಪ ಬಿಳಿ ಕಾಗದದ ಮೇಲೆ ಪಕ್ಕಪಕ್ಕದಲ್ಲಿ ಎರಡೆರಡು ಬೆರಳಗಲ ಬಳಿಯಿರಿ. ಪ್ರತಿ ಪಟ್ಟಿಯ ತುದಿಯನ್ನು ನೀರಿನಿಂದ ತೆಳುಮಾಡಿ ಎಳೆದರೆ ಒಳಬಣ್ಣ ಬಯಲಾಗುತ್ತದೆ. ಪೂರ್ತಿ ಒಣಗಿದ ಮೇಲೆ ಮತ್ತೆ ನೋಡಿ. ನೇರಳೆ ಬೆರೆಸುವಾಗ ಗುಂಡುಸೂಜಿಯ ತಲೆಯಷ್ಟು ಸಾಕು, ಅದು ಬಹಳ ಖಾರ. ಕೋಬಾಲ್ಟ್ ಸೌಮ್ಯ, ಅದನ್ನು ಧಾರಾಳವಾಗಿ ಹಾಕಬೇಕು. ಇಷ್ಟು ಮಾಡಿದವರ ಕೈಯಲ್ಲಿ “ಒಂದೇ ಕಪ್ಪು” ಎಂಬ ಮಾತು ಬರುವುದಿಲ್ಲ.

ಮೂರನೆಯ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಆ ಪಾರ್ಲರಿನಲ್ಲಿ ಕತ್ತಲೆ ಎಲ್ಲಿದೆ? ಬಣ್ಣಬಣ್ಣದ ಉಡುಪು, ಗ್ಲಿಟರಿನ ಮಿನುಗು, ಗೋಡೆಯಲ್ಲಿ ಗಾಯಕಿ ಲಾರಿನ್ ಹಿಲ್ ಪೋಸ್ಟರು, ಹಿಂದಿನ ಕನ್ನಡಿಯಲ್ಲಿ ಫೋಟೋ ತೆಗೆಯುವವನ ಮುಖವನ್ನೇ ಮುಚ್ಚಿಬಿಟ್ಟ ಫ್ಲ್ಯಾಶಿನ ಬೆಳಕು. ಕಪ್ಪು ಮೈಯನ್ನು ಕಂಡ ಕೂಡಲೇ ನಿಮ್ಮ ಲೇಖನಿ ಕತ್ತಲೆಗೆ ಜಾರಿತು, ಅಷ್ಟೇ.

ನಾನು ಉಪಸಂಪಾದಕನಾಗಿ ಕೆಲಸ ಕಲಿಯುತ್ತಿದ್ದ ಕಾಲಕ್ಕೆ ಪತ್ರಿಕೆಗಳಲ್ಲಿ ಚಿತ್ರಗಳು ಅಚ್ಚಾಗುತ್ತಿದ್ದದ್ದು ಲೋಹದ ಅಚ್ಚಿನ ಬ್ಲಾಕಿನಲ್ಲಿ, ಬೂದುಬೂದಾಗಿ. ಬಣ್ಣವನ್ನು ಓದುಗರಿಗೆ ಮುಟ್ಟಿಸಲು ವಾಕ್ಯಗಳಲ್ಲದೆ ಬೇರೆ ದಾರಿ ಇರಲಿಲ್ಲ. ಕಲೆಯ ಪುಟ ನೋಡುತ್ತಿದ್ದ ಹಿರಿಯರು ಅದಕ್ಕೊಂದು ಕ್ರಮ ಹಾಕಿಕೊಟ್ಟಿದ್ದರು. ಮೊದಲು ಅಳತೆ ಮತ್ತು ಮಾಧ್ಯಮ, ಆಮೇಲೆ ಎಡದಿಂದ ಬಲಕ್ಕೆ ಏನೇನಿದೆ, ಆಮೇಲೆ ಯಾರು ಯಾರನ್ನು ನೋಡುತ್ತಿದ್ದಾರೆ, ಆಮೇಲೆ ಬಣ್ಣ. ಅಭಿಪ್ರಾಯ ಇವೆಲ್ಲ ಮುಗಿದ ನಂತರ. ಈಗ ಪುಟಗಳು ಬಣ್ಣದಲ್ಲಿ ಬರುತ್ತವೆ, ಆದರೂ ಈ ಕ್ರಮವನ್ನು ನಾನು ಬಿಟ್ಟಿಲ್ಲ. ‘ಯಾರು ಯಾರನ್ನು’ ಎಂದು ಕೇಳಿಕೊಂಡಿದ್ದರೆ ಆ ಮಗು ನಿಮ್ಮ ಕಣ್ಣು ತಪ್ಪುತ್ತಿರಲಿಲ್ಲ.

ಇನ್ನು ನನ್ನನ್ನು ಕೆರಳಿಸಿದ ಎರಡನೆಯ ಜಾಗ. “ಇಲ್ಲಿನ ಒಂದೊಂದು ಮುಖದಲ್ಲೂ ಶತಮಾನಗಳ ಗುಲಾಮಗಿರಿಯ ನೋವು ಮಡುಗಟ್ಟಿದೆ” ಎಂದಿದ್ದೀರಿ. ಯಾವ ಮುಖದಲ್ಲಿ? ಗುಲಾಮರ ಸಾಗಣೆಯನ್ನು ಮಾರ್ಷಲ್ ಚಿತ್ರಿಸಿಲ್ಲವೆಂದಲ್ಲ. 1992ರ ‘ವಾಯೇಜರ್’, 1994ರ ‘ಗ್ರೇಟ್ ಅಮೆರಿಕ’ ಅದರ ಬಗ್ಗೆಯೇ ಇವೆ. ಆ ಮಾತನ್ನು ಅಂಥ ಚಿತ್ರಗಳ ಜೊತೆ ಇಡಿ. ತಲೆ ಬಾಚಿಸಿಕೊಳ್ಳುತ್ತಿರುವ ಹೆಂಗಸಿನ ಮೇಲೆ ಹೇರಬೇಡಿ. 1993ರ ‘ಡಿ ಸ್ಟೈಲ್’ ನೋಡಿ, ಲಾಸ್ ಏಂಜಲೀಸ್ ಕೌಂಟಿ ಕಲಾ ಮ್ಯೂಸಿಯಂ ಕೊಂಡ ಚಿತ್ರ. ಒಂದು ಕಟಿಂಗ್ ಶಾಪು. ಕ್ಷೌರಿಕನ ತಲೆಯ ಸುತ್ತ ಪ್ರಭಾವಳಿ, ಎತ್ತಿದ ಕೈ ಚರ್ಚುಗಳ ಹಳೆಯ ಚಿತ್ರಗಳಲ್ಲಿ ಕ್ರಿಸ್ತ ಆಶೀರ್ವದಿಸುವ ಭಂಗಿಯಲ್ಲಿದೆ. ಮೂರು ಮೀಟರ್ ಅಗಲದ ಕ್ಯಾನ್ವಾಸು, ರಾಜಮಹಾರಾಜರಿಗೂ ಯುದ್ಧಗಳಿಗೂ ಮೀಸಲಾಗಿದ್ದ ಅಳತೆ, ಇಲ್ಲಿ ಶನಿವಾರದ ಕಟಿಂಗಿಗೆ ಸಿಕ್ಕಿದೆ. 1997ರ ‘ಪಾಸ್ಟ್ ಟೈಮ್ಸ್’ ಚಿತ್ರದಲ್ಲಿ ಕಪ್ಪು ಕುಟುಂಬ ಸರೋವರದ ದಡದಲ್ಲಿ ಬಟ್ಟೆ ಹಾಸಿ ಕೂತಿದೆ, ಗಾಲ್ಫ್, ಕ್ರೋಕೆ ಆಡುತ್ತಿದೆ, ರೇಡಿಯೋದಿಂದ ಹಾಡು ಬರುತ್ತಿದೆ. (ಆ ಚಿತ್ರ 2018ರ ಹರಾಜಿನಲ್ಲಿ 2.11 ಕೋಟಿ ಡಾಲರಿಗೆ ಹೋದ ಸುದ್ದಿಯಿಂದ ನೀವು ಲೇಖನ ಆರಂಭಿಸಿದ್ದೀರಿ. ಆ ಪ್ಯಾರಾ ಪೂರ್ತಿ ತೆಗೆಯಿರಿ.)

‘ಗಾರ್ಡನ್ ಪ್ರಾಜೆಕ್ಟ್’ ಸರಣಿಯ ಜಾಗಗಳನ್ನು “ಕೊಳೆಗೇರಿ” ಎಂದು ಕರೆದಿರುವುದೂ ಇದೇ ಚಾಳಿ. ಅವು ಶಿಕಾಗೊ ಮತ್ತು ಲಾಸ್ ಏಂಜಲೀಸಿನ ಸರ್ಕಾರಿ ವಸತಿ ಸಂಕೀರ್ಣಗಳು, ಹೆಸರಿನಲ್ಲಿ ‘ಗಾರ್ಡನ್ಸ್’ ಇದ್ದಂಥವು. ಲಾಸ್ ಏಂಜಲೀಸಿನ ನಿಕರ್ಸನ್ ಗಾರ್ಡನ್ಸ್‌ನಲ್ಲಿ ಮಾರ್ಷಲ್ ಹುಡುಗನಾಗಿ ವಾಸವಿದ್ದರು. 1994ರ ‘ಮೆನಿ ಮ್ಯಾನ್ಶನ್ಸ್’ ಶಿಕಾಗೊದ ಸ್ಟೇಟ್‌ವೇ ಗಾರ್ಡನ್ಸ್‌ನದ್ದು: ಬಿಳಿ ಅಂಗಿ, ಟೈ ತೊಟ್ಟ ಮೂವರು ಗಂಡಸರು ಹೂವಿನ ಪಾತಿ ಮಾಡುತ್ತಿದ್ದಾರೆ, ಪಕ್ಕದಲ್ಲಿ ಈಸ್ಟರ್ ಬುಟ್ಟಿಗಳು, ಹಿಂದೆ ಎತ್ತರದ ಕಟ್ಟಡಗಳು. ಟೈ ಕಟ್ಟಿಕೊಂಡು ಯಾರಾದರೂ ಮಣ್ಣು ಅಗೆಯುತ್ತಾರೆಯೇ ಎಂದು ನೀವು ಕೇಳಬೇಕಿತ್ತು. ಆ ಪ್ರಶ್ನೆಯಿಂದ ಒಂದು ಒಳ್ಳೆಯ ಪುಟ ಹುಟ್ಟುತ್ತದೆ. “ಕೊಳೆಗೇರಿ” ಎಂದ ಮೇಲೆ ಕೇಳಲು ಏನೂ ಉಳಿಯುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ಇಡೀ ಪ್ರದರ್ಶನವನ್ನು ಸುತ್ತಿಸುವ ಆಸೆ ಬಿಡಿ. ಬ್ಯೂಟಿ ಪಾರ್ಲರಿನ ಚಿತ್ರವೊಂದನ್ನೇ ಇಟ್ಟುಕೊಂಡು ಎಂಟುನೂರು ಪದ ಬರೆಯಿರಿ, ಹೋಲಿಕೆಗೆ ಹೋಲ್ಬೈನ್ ಮತ್ತು ‘ಡಿ ಸ್ಟೈಲ್’ ಸಾಕು. ಪ್ರದರ್ಶನ 2025ರ ಸೆಪ್ಟೆಂಬರ್ 20ರಿಂದ 2026ರ ಜನವರಿ 18ರವರೆಗೆ ಎಂದು ದಿನಾಂಕ ತಿದ್ದಿ. ನಿಮ್ಮದರಲ್ಲಿ ತಿಂಗಳು ತಪ್ಪಿದೆ. ಚಿತ್ರದ ಫೋಟೋಗೆ ಅನುಮತಿ ನಾವು ಕೇಳುತ್ತೇವೆ, ನೀವು ತೆಗೆದದ್ದನ್ನು ಕಳಿಸಬೇಡಿ. ಅಲ್ಲೇ ನಿಂತು ಮಾಡಿಕೊಂಡ ಟಿಪ್ಪಣಿಗಳಿದ್ದರೆ ಅವನ್ನು ತಿದ್ದದೆ ಹಾಗೇ ಲೇಖನದ ಜೊತೆ ಲಗತ್ತಿಸಿ, ಗೀಚಿದ್ದಾದರೂ ಪರವಾಗಿಲ್ಲ.