ಮೂಡದ ಆ ಗೆರೆಯಿಂದ ಶುರು ಮಾಡಿ

ನಮಸ್ಕಾರ.

ಮಲೇರಿಯಾ ರಾಪಿಡ್ ಟೆಸ್ಟ್ ಬಗ್ಗೆ ನೀವು ಕಳಿಸಿದ ‘ಸುಳ್ಳು ಹೇಳುವ ಕಿಟ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲ ನಾಲ್ಕು ಪ್ಯಾರಾ ತೆಗೆದುಬಿಡಿ. ಸೊಳ್ಳೆ, ಕ್ವಿನೈನ್, 1897ರಲ್ಲಿ ಸಿಕಂದರಾಬಾದಿನ ರೊನಾಲ್ಡ್ ರಾಸ್, ಇದೆಲ್ಲ ಶಾಲೆಯಲ್ಲೇ ಓದಿದ್ದು. ನಿಮ್ಮ ಲೇಖನ ಶುರುವಾಗುವುದೇ ಐದನೇ ಪ್ಯಾರಾದಲ್ಲಿ, ಆಫ್ರಿಕಾದ ಎರಿಟ್ರಿಯಾ ದೇಶದಲ್ಲಿ. ಅಲ್ಲಿನ ಗಿಂಡಾ ಆಸ್ಪತ್ರೆಯಲ್ಲಿ ಮೈಕ್ರೋಸ್ಕೋಪಿನಲ್ಲಿ ಫಾಲ್ಸಿಪ್ಯಾರಂ ಎಂಬ ಬಗೆಯ ಮಲೇರಿಯಾ ಕಂಡ 26 ರೋಗಿಗಳನ್ನು ನೋಡಿದರೆ, 21 ಜನರ ಪರಾವಲಂಬಿಯಲ್ಲಿ, ಕಿಟ್ ಹುಡುಕುವ ಪ್ರೋಟೀನನ್ನು ಮಾಡುವ ಎಚ್‌ಆರ್‌ಪಿ2 ಜೀನೇ ಇರಲಿಲ್ಲ. ಇಂಥ ಸಂಗತಿಯನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಲ್ಲ! ಅಲ್ಲಿ ನಿಂತು ನೋಡಿ. ಬೆರಳ ತುದಿಯಿಂದ ಒಂದು ಹನಿ ರಕ್ತ. ಕಾಗದದ ಪಟ್ಟಿಯಲ್ಲಿ ಅದು ನಿಧಾನವಾಗಿ ಹರಿಯುತ್ತದೆ. ಹದಿನೈದು, ಇಪ್ಪತ್ತು ನಿಮಿಷ ಕಾಯಬೇಕು. ಕಂಟ್ರೋಲ್ ಗೆರೆ ಮೂಡಿತು, ಅಂದರೆ ಕಿಟ್ ಕೆಟ್ಟಿಲ್ಲ. ಮಲೇರಿಯಾ ಇದೆ ಎಂದು ಹೇಳಬೇಕಾದ ಪಕ್ಕದ ಗೆರೆ ಮಾತ್ರ ಬರಲೇ ಇಲ್ಲ. ರೋಗಿ ನಡುಗುತ್ತಲೇ ಇದ್ದಾನೆ. ಓದುಗರಿಗೆ ಬೇಕಿರುವುದು ಇದು.

ಇನ್ನು ದೊಡ್ಡ ತಪ್ಪು. ‘ತಪ್ಪಿಸಿಕೊಳ್ಳುವುದನ್ನು ಪರಾವಲಂಬಿ ಕಲಿತುಬಿಟ್ಟಿದೆ’ ಎಂದಿದ್ದೀರಿ. ಅದು ಏನನ್ನೂ ಕಲಿತಿಲ್ಲ. ಈ ಕಿಟ್ ಹುಡುಕುವುದು ಪರಾವಲಂಬಿಯನ್ನಲ್ಲ, ಅದು ರಕ್ತಕ್ಕೆ ಬಿಡುವ ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು. ಕೆಲವು ಪರಾವಲಂಬಿಗಳಲ್ಲಿ ಆ ಜೀನ್ ಕಳಚಿಹೋಗಿರುತ್ತದೆ, ಆದರೂ ಅವು ಬದುಕುತ್ತವೆ. ಜೀನ್ ಇದ್ದವು ಕಿಟ್‌ಗೆ ಸಿಕ್ಕಿ ಔಷಧಕ್ಕೆ ಸಾಯುತ್ತವೆ. ಇಲ್ಲದವು ರೋಗಿಯ ಜೊತೆ ಮನೆಗೆ ಹೋಗಿ, ಸೊಳ್ಳೆ ಹತ್ತಿ ಇನ್ನೊಬ್ಬರಿಗೆ ದಾಟುತ್ತವೆ. ಗದ್ದೆಯಲ್ಲಿ ಕಳೆ ಕೀಳುವಾಗ ಭತ್ತದ ಪೈರಿನಂತೆಯೇ ಕಾಣುವ ಹುಲ್ಲು ಕೈತಪ್ಪಿ ಉಳಿದು, ಮುಂದಿನ ವರ್ಷ ಅದೇ ಜಾಸ್ತಿ ಆಗುತ್ತಲ್ಲ, ಹಾಗೆ. ಹಾಗಂತ ಜೀನ್ ಕಳಚಲು ಕಿಟ್ಟೇ ಕಾರಣ ಅಂತಲೂ ಬರೆಯಬೇಡಿ. ಇಂಥ ಪರಾವಲಂಬಿಗಳ ಬಗ್ಗೆ ಮೊದಲು, 2010ರಲ್ಲಿ, ವರದಿ ಬಂದದ್ದು ಪೆರುವಿನ ಅಮೆಜಾನ್ ಪ್ರದೇಶದಿಂದ. ಅಲ್ಲಿ ಮುಖ್ಯವಾಗಿ ನಡೆಯುತ್ತಿದ್ದದ್ದು ಮೈಕ್ರೋಸ್ಕೋಪ್ ಪರೀಕ್ಷೆ.

ಕೊನೆಗೆ ಸುಮ್ನೆ ಮಂಗಳೂರನ್ನು ಎಳೆದು ತಂದಿದ್ದೀರಿ. ಅಲ್ಲಿ ಜಾಸ್ತಿ ಇರುವುದು ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ. ವೈವಾಕ್ಸ್‌ನಲ್ಲಿ ಎಚ್‌ಆರ್‌ಪಿ2 ಮೊದಲಿಂದಲೂ ಇಲ್ಲ. ಅದನ್ನು ತೋರಿಸುವ ಗೆರೆ ಬೇರೆ, ಆ ಗೆರೆ ಹುಡುಕುವ ಪ್ರೋಟೀನೂ ಬೇರೆ.

‘ಇನ್ನು ಕಿಟ್ ನಂಬಬೇಡಿ’ ಎಂಬ ಕೊನೆಯ ವಾಕ್ಯವನ್ನಂತೂ ನಾನು ಯಾವ ಕಾರಣಕ್ಕೂ ಅಚ್ಚು ಮಾಡುವುದಿಲ್ಲ. ಜ್ವರ ಬಂದವರೊಬ್ಬರು ಅದನ್ನು ಓದಿ ಪರೀಕ್ಷೆಯನ್ನೇ ಬಿಟ್ಟರೆ? ಲ್ಯಾಬ್ ಇಲ್ಲದ ಎಷ್ಟೋ ಊರುಗಳಲ್ಲಿ ಜೀವ ಉಳಿಸುತ್ತಿರುವುದು ಇದೇ ಕಿಟ್. ಜೀನ್ ಇಲ್ಲದ ಕಾರಣಕ್ಕೆ ನೂರರಲ್ಲಿ ಐದಕ್ಕಿಂತ ಹೆಚ್ಚು ಫಾಲ್ಸಿಪ್ಯಾರಂ ರೋಗಿಗಳು ತಪ್ಪಿಹೋಗುತ್ತಿದ್ದರೆ ಕಿಟ್ ಬದಲಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಿಟ್ರಿಯಾ 2016ರಲ್ಲೇ ಬದಲಿಸಿತು. ಅದನ್ನೂ ಬರೆಯಿರಿ.

ಎರಡು ವಾರ ಸಾಕಾ? ಗಿಂಡಾದ ಭಾಗವನ್ನು ಮೊದಲು ಬರೆದು ಕಳಿಸಿ, ಅಷ್ಟನ್ನೇ ಓದಿ ಉತ್ತರಿಸುತ್ತೇನೆ.

ನಿಮ್ಮ,
ಸಂಪಾದಕ