ಸಂಪಾದಕರ ಉತ್ತರ: ಮುಧೋಳ ಒಳಗೆ ಬಂದದ್ದು ಹೇಗೆ?

ಗುಳೇದಗುಡ್ಡದ ಪ್ರೌಢಶಾಲೆಯ ಗಣಿತ ಶಿಕ್ಷಕರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯ ನೇಕಾರಿಕೆ ಲೇಖನದ ಜೊತೆಗಿದ್ದ ನಕ್ಷೆಯಲ್ಲಿ ಇಳಕಲ್, ಗುಳೇದಗುಡ್ಡ, ಬನಹಟ್ಟಿ ಮೂರನ್ನೂ ಸೇರಿಸಿ ನೀಲಿ ಚೌಕಟ್ಟು ಹಾಕಿದ್ದೀರಿ. ತರಗತಿಯಲ್ಲಿ ತೋರಿಸಿದೆ. ಮುಧೋಳದ ಹುಡುಗಿಯೊಬ್ಬಳು ಎದ್ದು, ‘ಸರ್, ನಮ್ಮೂರೂ ಇದರಾಗ ಬಂದೈತಲ್ರಿ, ಲೇಖನದಾಗ ಯಾಕ ಹೆಸರಿಲ್ಲ?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಕ್ಷೆಯನ್ನು ಟಿಕ್ಝ್ (ಆದೇಶಗಳನ್ನು ಬರೆದು ಚಿತ್ರ ಮೂಡಿಸುವ ಭಾಷೆ) ಕೋಡಿನಲ್ಲಿ ಬರೆದದ್ದು ಎಂದು ಕೆಳಗೆ ಹಾಕಿದ್ದೀರಿ. ಬೇಕಾದ ಚುಕ್ಕೆಗಳನ್ನಷ್ಟೇ ಸುತ್ತುವ ಆಕೃತಿ ಕೋಡಿನಲ್ಲಿ ಬರುವುದಿಲ್ಲವೇ? ಮೌಸಿನಿಂದ ಕೈಯಾರೆ ಎಳೆದಿದ್ದರೂ ಆಗುತ್ತಿತ್ತಲ್ಲ?”

ಮಾಸ್ತರರಿಗೆ ಬೆಳಗಾವಿಯಿಂದ ಶರಣು.

ಆ ಹುಡುಗಿಗೆ ಮೊದಲು ನಮ್ಮ ಕ್ಷಮೆ ತಿಳಿಸಿರಿ. ನಕ್ಷೆಯನ್ನು ಹೇಗೆ ಓದಬೇಕೋ ಹಾಗೇ ಓದಿದ್ದಾಳೆ. ಚುಕ್ಕೆಗಳ ಸುತ್ತ ಗೆರೆ ಎಳೆದೆವೆಂದರೆ, ಒಳಗಿರುವುದೆಲ್ಲ ಒಂದು ಗುಂಪು ಎಂದು ಬಾಯಿಬಿಟ್ಟು ಹೇಳಿದಂತೆ. ನಾವು ಹಾಗೆ ಹೇಳಿ, ಒಳಗೆ ಯಾರಿದ್ದಾರೆಂದು ನೋಡದೆ ಅಚ್ಚಿಗೆ ಕಳಿಸಿದೆವು.

ಆದದ್ದು ಇಷ್ಟು. ಟಿಕ್ಝ್‌ನಲ್ಲಿ ಫಿಟ್ ಎಂಬ ಸೌಲಭ್ಯವಿದೆ. ಚುಕ್ಕೆಗಳ ಹೆಸರು ಕೊಟ್ಟರೆ ಎಲ್ಲವನ್ನೂ ಹಿಡಿಸುವ ಆಯತವನ್ನು ತಾನೇ ಎಳೆಯುತ್ತದೆ. ಆ ಆಯತಕ್ಕೆ ಬೇಕಾದದ್ದು ತೀರ ಪೂರ್ವದ, ಪಶ್ಚಿಮದ, ಉತ್ತರದ, ದಕ್ಷಿಣದ ಚುಕ್ಕೆಗಳು ಮಾತ್ರ. ನಮ್ಮ ನಕ್ಷೆಯಲ್ಲಿ ಪೂರ್ವ, ದಕ್ಷಿಣ ಎರಡೂ ಅಂಚು ಇಳಕಲ್‌ನವು. ಉತ್ತರ, ಪಶ್ಚಿಮ ಬನಹಟ್ಟಿಯವು. ನಿಮ್ಮ ಗುಳೇದಗುಡ್ಡದ ಮಾತು ಅಲ್ಲಿ ನಡೆಯಲೇ ಇಲ್ಲ. ಎರಡು ಊರು ಎರಡು ಮೂಲೆ ಹಿಡಿದು ನಿಂತವು. ನಡುವಿನ ಹುನಗುಂದ, ಬಾಗಲಕೋಟೆ, ಬೀಳಗಿ, ಮುಧೋಳ ಎಲ್ಲ ಒಳಗೆ ಬಂದವು.

ಗ್ರಾಫ್‌ವಿಜ್ ಎಂಬ, ಚುಕ್ಕೆ–ಗೆರೆಗಳ ಜಾಲವನ್ನು ತಾನೇ ಜೋಡಿಸಿ ಬರೆಯುವ ತಂತ್ರಾಂಶ ಬಳಸುವವರು ಇದನ್ನು ಅಷ್ಟಾಗಿ ಕಂಡಿರಲಾರರು. ಅಲ್ಲಿ ಒಂದು ಉಪಗುಂಪಿನ ಹೆಸರು ‘ಕ್ಲಸ್ಟರ್’ ಎಂದು ಶುರುವಾದರೆ ಸಾಕು, ಡಾಟ್ ಎಂಬ ಎಂಜಿನು ಆ ಚುಕ್ಕೆಗಳನ್ನು ಒಂದೆಡೆ ತಂದು, ಬೇರೆಯವರನ್ನು ಆಚೆಗಿಟ್ಟು ಪೆಟ್ಟಿಗೆ ಹಾಕುತ್ತದೆ. ಊರುಗಳನ್ನು ಹಾಗೆ ಸರಿಸಲಾಗದು. ಚುಕ್ಕೆ ಇದ್ದಲ್ಲೇ ಇರಬೇಕು, ಬಾಗಬೇಕಾದದ್ದು ಗೆರೆ.

ಆಯತ ಬಿಟ್ಟರೆ ಮುಂದಿನದು ಕಾನ್ವೆಕ್ಸ್ ಹಲ್, ಅಂದರೆ ಚುಕ್ಕೆಗಳನ್ನೆಲ್ಲ ಬಿಗಿಯಾಗಿ ಸುತ್ತುವ ಪೀನ ಆಕೃತಿ. ಪೀನ ಮಸೂರದ ಪೀನವೇ ಇದು. ಹೊಲದಲ್ಲಿ ಕುರಿ ನಿಲ್ಲಿಸುವಾಗ ಗೂಟ ಹೊಡೆದು ಸುತ್ತಲೂ ಬಲೆ ಬಿಗಿಯುತ್ತಾರಲ್ಲ, ಅದನ್ನು ನೆನೆಯಿರಿ. ಹೊರಗಿನ ಗೂಟಗಳಿಗಷ್ಟೇ ಬಲೆ ತಾಗುತ್ತದೆ, ಒಳಗಿನವು ಸುಮ್ಮನೆ ಒಳಗಿರುತ್ತವೆ. ಯಾವ ಗೂಟ ಹೊರಗಿನದು ಎಂದು ಯಂತ್ರಕ್ಕೆ ತಿಳಿಸುವ ಚಂದದ ದಾರಿಯೊಂದನ್ನು ರೊನಾಲ್ಡ್ ಗ್ರಹಾಂ 1972ರಲ್ಲಿ ಕೊಟ್ಟರು. ಎಲ್ಲಕ್ಕಿಂತ ಕೆಳಗಿನ ಚುಕ್ಕೆಯಿಂದ ಹೊರಟು, ಉಳಿದವನ್ನು ಕೋನದ ಕ್ರಮದಲ್ಲಿ ಜೋಡಿಸಿ, ಒಂದೊಂದಾಗಿ ನಡೆಯುತ್ತ ಹೋಗುವುದು. ಪ್ರತಿ ಸಲವೂ ಕೇಳುವುದು ಒಂದೇ ಪ್ರಶ್ನೆ: ಎಡಕ್ಕೆ ಹೊರಳಿದೆನೋ, ಬಲಕ್ಕೋ? ಬಲಕ್ಕೆ ಹೊರಳಿದರೆ ನಡುವಿನ ಚುಕ್ಕೆ ಬಿಡಬೇಕು.

ಇದನ್ನು ನಿಮ್ಮ ಮಕ್ಕಳು ಹಲಗೆಯ ಮೇಲೇ ಮಾಡಬಹುದು. ಮೊದಲ ಚುಕ್ಕೆ (0, 0), ಎರಡನೆಯದು (4, 1), ಮೂರನೆಯದು (6, 4). ಎರಡನೆಯದರ ಅಡ್ಡಳತೆಯನ್ನು ಮೂರನೆಯದರ ಎತ್ತರದಿಂದ ಗುಣಿಸಿದರೆ 16. ಎರಡನೆಯದರ ಎತ್ತರವನ್ನು ಮೂರನೆಯದರ ಅಡ್ಡಳತೆಯಿಂದ ಗುಣಿಸಿದರೆ 6. ಕಳೆದರೆ 10. ಉತ್ತರ ಧನವಾದರೆ ಎಡತಿರುವು, ಋಣವಾದರೆ ಬಲತಿರುವು, ಸೊನ್ನೆಯಾದರೆ ಮೂರೂ ಒಂದೇ ಗೆರೆಯಲ್ಲಿವೆ. ಕೋನಮಾಪಕ ಬೇಡ, ಸೈನ್ ಕೊಸೈನ್ ಬೇಡ. ಎರಡು ಗುಣಾಕಾರ, ಒಂದು ವ್ಯವಕಲನ. ಇಷ್ಟರಲ್ಲಿ ಕೆಲಸ ಮುಗಿಯುವುದು ನನಗೆ ಇಂದಿಗೂ ಬೆರಗು.

ನಮ್ಮ ಮೂರು ಊರಿಗೆ ಈ ಬಲೆ ಬಿಗಿದರೆ ತ್ರಿಕೋನ ಬರುತ್ತದೆ, ಆದರೆ ಬಲು ತೆಳ್ಳನೆಯದು. ಸೆಂಟಿಮೀಟರಿಗೆ 10 ಕಿಲೋಮೀಟರಿನಂತೆ ಬರೆದಾಗ ಉದ್ದ ಸುಮಾರು 12 ಸೆಂಟಿಮೀಟರು, ಎತ್ತರ ಒಂದು ಸೆಂಟಿಮೀಟರೂ ಇಲ್ಲ. ಗೆರೆ ಚುಕ್ಕೆಯ ಮೈಮೇಲೇ ಹಾಯುವುದರಿಂದ ಸುತ್ತಲೂ ಒಂದಿಷ್ಟು ಜಾಗ ಬಿಡಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ. ತ್ರಿಕೋನವನ್ನು ಅದರ ನಡುಬಿಂದುವಿನಿಂದ 1.1 ಪಟ್ಟು ಹಿಗ್ಗಿಸಿದರೆ ಆಯಿತು ಅನ್ನಿಸುತ್ತದೆ. ಎಳೆದು ನೋಡಿರಿ: ಇಳಕಲ್, ಬನಹಟ್ಟಿಯ ತುದಿಗಳಲ್ಲಿ ಐದರಿಂದ ಏಳು ಮಿಲಿಮೀಟರು ಜಾಗ ಬರುತ್ತದೆ, ಉದ್ದದ ಮಗ್ಗುಲಲ್ಲಿ ಕಾಲು ಮಿಲಿಮೀಟರು. ಹಿಗ್ಗಿಸುವ ಬದಲು ದಪ್ಪ ಪೆನ್ನು ಹಿಡಿಯಬೇಕು. ಅದೇ ತ್ರಿಕೋನವನ್ನು 6 ಮಿಲಿಮೀಟರು ದಪ್ಪದ ಗೆರೆಯಿಂದ, ‘ಲೈನ್ ಜಾಯಿನ್ ರೌಂಡ್’ ಎಂದು ಬರೆದು, ಒಳಗಿನ ಬಣ್ಣವೇ ಗೆರೆಗೂ ಇರುವಂತೆ ಎಳೆಯಿರಿ. ಎಲ್ಲ ಕಡೆಗೂ ಸಮನಾಗಿ 3 ಮಿಲಿಮೀಟರು ಜಾಗ, ಮೂಲೆಗಳು ದುಂಡಗೆ. ಬ್ಯಾಕ್‌ಗ್ರೌಂಡ್ಸ್ ಲೈಬ್ರರಿಯಿಂದ ಆಕೃತಿಯನ್ನು ಹಿಂದಿನ ಪದರಕ್ಕೆ ಹಾಕಿದರೆ ಊರ ಹೆಸರು ಮುಚ್ಚಿಹೋಗುವುದಿಲ್ಲ.

ಹೀಗೆ ಬರೆದಾಗ ಮುಧೋಳ ಹೊರಗುಳಿಯಿತು. ಬಾಗಲಕೋಟೆ ಮಾತ್ರ ಸಿಕ್ಕಿಬಿತ್ತು. ಇಳಕಲ್‌ನಿಂದ ಬನಹಟ್ಟಿಗೆ ಎಳೆದ ಗೆರೆ ಅದರ ಮಗ್ಗುಲಲ್ಲೇ ಹಾಯುತ್ತದೆ. 3 ಮಿಲಿಮೀಟರು ಬಿಟ್ಟೊಡನೆ ಚುಕ್ಕೆ ಒಳಗೆ. ಹೊರಗಿನವರನ್ನು ತಪ್ಪಿಸಬೇಕಾದಾಗ ಪೀನ ಆಕೃತಿ ನೆರವಿಗೆ ಬಾರದು, ಏಕೆಂದರೆ ಅದಕ್ಕೆ ಒಳಬಾಗುವುದೇ ಗೊತ್ತಿಲ್ಲ.

ಕಡೆಗೆ ನಾವು ಮಾಡಿದ್ದು ಇದು. ಸುತ್ತುವುದನ್ನೇ ಬಿಟ್ಟು, ಬನಹಟ್ಟಿಯಿಂದ ಗುಳೇದಗುಡ್ಡಕ್ಕೆ, ಅಲ್ಲಿಂದ ಇಳಕಲ್‌ಗೆ 5 ಮಿಲಿಮೀಟರು ದಪ್ಪದ ಒಂದೇ ಗೆರೆ ಎಳೆದೆವು, ತುದಿ ದುಂಡಗೆ. ಬಾಗಲಕೋಟೆ ಅದರ ಉತ್ತರಕ್ಕೆ, ಮುಧೋಳ ದಕ್ಷಿಣಕ್ಕೆ ಉಳಿದವು. ಗೆರೆ ಒಂದೇ ಓಟದಲ್ಲಿರಲಿ. ತಿಳಿಬಣ್ಣವನ್ನು ಪಾರದರ್ಶಕವಾಗಿಟ್ಟು ಎರಡು ತುಂಡು ಎಳೆದರೆ, ಅವು ಕೂಡುವ ಗುಳೇದಗುಡ್ಡದ ಮೇಲೆ ಬಣ್ಣ ಎರಡು ಪದರವಾಗಿ ಗಾಢ ಮಚ್ಚೆ ಬೀಳುತ್ತದೆ. ಎರಡೇ ಚುಕ್ಕೆಯ ಗುಂಪಿಗೂ ಇದೇ ಉಪಾಯ ಸಾಕು. ವೆಬ್ ಪುಟಗಳಲ್ಲಿ ಚಿತ್ರ ಬರೆಯಲು ಬಳಸುವ ಡಿ3 ಲೈಬ್ರರಿಯ ಹಲ್ ಫಂಕ್ಷನ್ ಮೂರಕ್ಕಿಂತ ಕಡಿಮೆ ಚುಕ್ಕೆ ಕೊಟ್ಟರೆ ಬರಿಗೈಯಲ್ಲಿ ಮರಳುತ್ತದೆ.

ಹಾಬಿ ಪ್ಯಾಕೇಜಿನ ನುಣುಪು ವಕ್ರರೇಖೆಯನ್ನೂ ಯತ್ನಿಸಿದೆವು. ಜಾನ್ ಹಾಬಿ ಅಕ್ಷರ ಬರೆಯುವ ಮೆಟಾಫಾಂಟ್‌ಗಾಗಿ ರೂಪಿಸಿದ ವಿಧಾನ ಅದು, ನೋಡಲು ಬಲು ಚಂದ. ಆದರೆ ಅದು ಚುಕ್ಕೆಗಳನ್ನು ಹಾಯ್ದು ಹೋಗುತ್ತದೆ, ಸುತ್ತಿ ಹೋಗುವುದಿಲ್ಲ.

ಮೌಸಿನಿಂದ ಎಳೆಯಬಹುದಿತ್ತಲ್ಲ ಎಂದಿರಿ. ಎಳೆಯಬಹುದಿತ್ತು, ಒಂದು ಸಲ. ನಾಳೆ ಮಹಾಲಿಂಗಪುರವನ್ನೂ ಸೇರಿಸಬೇಕೆಂದರೆ ಕೋಡಿನಲ್ಲಿ ಒಂದು ಹೆಸರು ಕೂಡಿಸಿದರೆ ಆಯಿತು, ಗೆರೆ ತಾನೇ ಹೊಸದಾಗಿ ಬರುತ್ತದೆ. ಇನ್ನೊಂದು ಕಾರಣ ನನಗೆ ಹೆಚ್ಚಿನದು: ಯಾವ ಊರುಗಳನ್ನು ಗುಂಪು ಎಂದೆವು ಎಂಬುದು ಕೋಡಿನಲ್ಲಿ ಹೆಸರು ಹಿಡಿದು ಬರೆದಿರುತ್ತದೆ, ಯಾರೂ ಓದಿ ತಪ್ಪು ತೋರಿಸಬಹುದು. ಅಚ್ಚಿಗೆ ಮುಂಚೆ ಪಟ್ಟಿಯಲ್ಲಿಲ್ಲದ ಪ್ರತಿ ಊರನ್ನೂ ಆಕೃತಿಯ ಒಳಗಿದೆಯೇ ಎಂದು ಪರೀಕ್ಷಿಸುವ ಸಾಲುಗಳನ್ನು ಈಗ ಸೇರಿಸಿದ್ದೇವೆ. ಅದರಲ್ಲೂ ನಡೆಯುವುದು ಮೇಲೆ ಹೇಳಿದ ಎಡ–ಬಲದ ಲೆಕ್ಕವೇ.

ತಿದ್ದಿದ ನಕ್ಷೆ ಇದೇ ಸಂಚಿಕೆಯಲ್ಲಿದೆ, ಕೋಡನ್ನು ನಿಮ್ಮ ಶಾಲೆಯ ವಿಳಾಸಕ್ಕೆ ಬೇರೆಯಾಗಿ ಕಳಿಸಿದ್ದೇವೆ. ಆ ಹುಡುಗಿಯ ಕೈಗೆ ಸ್ಕೇಲು ಕೊಟ್ಟು, ನಮ್ಮ ಗೆರೆಯ ಅಂಚಿನಿಂದ ಮುಧೋಳದ ಚುಕ್ಕೆ ಎಷ್ಟು ಮಿಲಿಮೀಟರು ದೂರವಿದೆ ಎಂದು ಅಳೆಯಿಸಿ ನಮಗೆ ಬರೆಯಿರಿ.